ಲಾಕ್ ಆದ ಹಾರ್ಡ್ ಡಿಸ್ಕ್: ಒಂದು ರಾನ್ಸಮ್‌ವೇರ್ ರಿಪೇರಿಯ ಡೈರಿ

ಗೆಳೆಯನ ಡೆಸ್ಕ್‌ಟಾಪ್ ನನ್ನ ಟೇಬಲ್‌ಗೆ ಬಂದಾಗ ಆಫ್ ಆಗಿತ್ತು. ಒಳ್ಳೆಯದೇ ಆಯಿತು. ಅವನು ಹೇಳಿದ ಲಕ್ಷಣಗಳು ಇಷ್ಟು: ಫೋಟೊ, ವರ್ಡ್, ಎಕ್ಸೆಲ್ ಯಾವುದೂ ತೆರೆಯುತ್ತಿಲ್ಲ. ಪ್ರತಿ ಫೈಲಿನ ಹೆಸರಿನ ಬಾಲಕ್ಕೂ ಅರ್ಥವಿಲ್ಲದ ನಾಲ್ಕು ಅಕ್ಷರ ಸೇರಿಕೊಂಡಿವೆ. ಯಾವ ಫೋಲ್ಡರ್ ತೆರೆದರೂ ರೀಡ್‌ಮಿ ಅನ್ನುವ ಒಂದು ಟೆಕ್ಸ್ಟ್ ಫೈಲ್ ಕೂತಿದೆ. "ವೈರಸ್ ತೆಗೆದುಕೊಡು ಮಾರಾಯ, ಅಷ್ಟು ಸಾಕು" ಅಂದ.

ಅಷ್ಟು ಸಾಕಾಗುವುದಿಲ್ಲ. ಇದು ರಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ, ತೆರೆಯಲು ದುಡ್ಡು ಕೇಳುವ ಪ್ರೋಗ್ರಾಮ್. ಇಲ್ಲಿ ಎರಡು ಕೆಲಸ ಇವೆ. ಆ ಪ್ರೋಗ್ರಾಮನ್ನು ಕಿತ್ತು ಹಾಕುವುದು ಒಂದು. ಅದು ಕೆಡಿಸಿದ ಫೈಲ್‌ಗಳನ್ನು ವಾಪಸ್ ಪಡೆಯುವುದು ಇನ್ನೊಂದು. ಮೊದಲನೆಯದು ಸುಲಭ, ಅರ್ಧ ದಿನದ ಕೆಲಸ. ಎರಡನೆಯದು ಆಗಬಹುದು, ಆಗದೆಯೂ ಇರಬಹುದು. ಮನೆಗೆ ಬೀಗ ಜಡಿದವನನ್ನು ಓಡಿಸಿದ ಮಾತ್ರಕ್ಕೆ ಬೀಗ ತೆರೆದುಕೊಳ್ಳುವುದಿಲ್ಲವಲ್ಲ, ಹಾಗೆ. ಅದೂ ಅಲ್ಲದೆ ಅವಸರಪಟ್ಟು ಮೊದಲೇ ಕ್ಲೀನ್ ಮಾಡಿಬಿಟ್ಟರೆ ಫೈಲ್ ವಾಪಸ್ ಪಡೆಯಲು ಬೇಕಾದ ಸುಳಿವುಗಳೂ ಅಳಿಸಿಹೋಗುತ್ತವೆ. ಆದ್ದರಿಂದ ಮೊದಲು ಡಿಸ್ಕಿನ ಪ್ರತಿ, ಆಮೇಲೆ ಇದು ಯಾವ ತಳಿ ಅನ್ನುವ ಪತ್ತೆ, ಆಮೇಲೆ ಫೈಲ್‌ಗಳು, ಎಲ್ಲಕ್ಕಿಂತ ಕೊನೆಗೆ ಕ್ಲೀನಿಂಗ್. ಜಾಸ್ತಿ ಜನ ಇದನ್ನು ಪೂರ್ತಿ ತಿರುವುಮುರುವು ಮಾಡುತ್ತಾರೆ.

ಆನ್ ಮಾಡದೆ ಶುರು

ಆ ಡಿಸ್ಕಿನಿಂದ ವಿಂಡೋಸ್ ಬೂಟ್ ಮಾಡಲೇ ಇಲ್ಲ. ಇಂಥ ಪ್ರೋಗ್ರಾಮ್‌ಗಳು ತಮ್ಮನ್ನು ತಾವೇ ಟಾಸ್ಕ್ ಶೆಡ್ಯೂಲರ್‌ಗೆ, ಅಂದರೆ ಹೊತ್ತಿಗೆ ಸರಿಯಾಗಿ ಪ್ರೋಗ್ರಾಮ್ ಓಡಿಸುವ ವಿಂಡೋಸ್ ವ್ಯವಸ್ಥೆಗೆ, ಸೇರಿಸಿಕೊಂಡಿರುತ್ತವೆ. ಮತ್ತೆ ಆನ್ ಮಾಡಿದರೆ ಉಳಿದಿರುವ ಫೈಲ್‌ಗಳ ಮೇಲೆ ಕೈ ಹಾಕುತ್ತವೆ. ಚುಚ್ಚಿದ ಪೆನ್ ಡ್ರೈವ್ ಕೂಡ ಹೋಗುತ್ತದೆ. "ಬ್ಯಾಕಪ್ ಇದೆ" ಅಂತ ಖುಷಿಯಿಂದ ಬ್ಯಾಕಪ್ ಡಿಸ್ಕನ್ನು ಅದೇ ಮಷೀನಿಗೆ ಚುಚ್ಚಿ, ಅದನ್ನೂ ಕಳೆದುಕೊಂಡವರಿದ್ದಾರೆ.

ಮಷೀನ್ ಆನ್ ಇದ್ದಾಗಲೇ ಗೊತ್ತಾದರೆ ಏನು ಮಾಡಬೇಕು? ನೆಟ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ, ಹೊರಗಿನ ಡ್ರೈವ್‌ಗಳನ್ನು ಎಳೆದು ತೆಗೆಯಿರಿ. ಇದರ ಬಗ್ಗೆ ಯಾರದೂ ತಕರಾರಿಲ್ಲ. ಪವರ್ ಆಫ್ ಮಾಡಬೇಕೋ ಬೇಡವೋ ಅನ್ನುವುದರಲ್ಲಿ ಎರಡು ಅಭಿಪ್ರಾಯ ಇದೆ. ಫೈಲ್‌ಗಳು ಕಣ್ಣೆದುರೇ ಒಂದೊಂದಾಗಿ ಹೆಸರು ಬದಲಿಸುತ್ತಿದ್ದರೆ ಬೇಗ ಆಫ್ ಮಾಡಿದಷ್ಟೂ ಹೆಚ್ಚು ಫೈಲ್ ಉಳಿಯುತ್ತವೆ. ಆದರೆ ಕೆಲವೊಮ್ಮೆ ಫೈಲ್‌ಗಳ ಬೀಗ ತೆರೆಯುವ ಕೀ ಇನ್ನೂ ರ‍್ಯಾಮ್‌ನಲ್ಲೇ ಉಳಿದಿರುತ್ತದೆ. 2017ರಲ್ಲಿ ವಾನ್ನಕ್ರೈ ಅನ್ನುವ ರಾನ್ಸಮ್‌ವೇರ್ ಹಬ್ಬಿದ ಸಮಯದಲ್ಲಿ, ರೀಸ್ಟಾರ್ಟ್ ಮಾಡದೇ ಬಿಟ್ಟಿದ್ದ ಕೆಲವು ವಿಂಡೋಸ್ ಎಕ್ಸ್‌ಪಿ ಮತ್ತು ವಿಂಡೋಸ್ 7 ಮಷೀನ್‌ಗಳ ಮೆಮೊರಿಯಿಂದಲೇ ಕೀ ಕಟ್ಟಿಕೊಡುವ ಟೂಲ್ ಬಂದಿತ್ತು. ನನ್ನನ್ನು ಕೇಳಿದರೆ ಹೈಬರ್ನೇಟ್ ಮಾಡುವುದು ನಡುದಾರಿ. ಮೆಮೊರಿಯಲ್ಲಿದ್ದದ್ದು ಡಿಸ್ಕಿಗೆ ಇಳಿಯುತ್ತದೆ, ಎನ್‌ಕ್ರಿಪ್ಶನ್ನೂ, ಅಂದರೆ ಫೈಲ್‌ಗಳಿಗೆ ಬೀಗ ಹಾಕುವ ಕೆಲಸವೂ, ನಿಲ್ಲುತ್ತದೆ. ಹೈಬರ್ನೇಟ್ ಆಯ್ಕೆ ಕಾಣಿಸದಿದ್ದರೆ ಯೋಚನೆ ಮಾಡುತ್ತಾ ಕೂರಬೇಡಿ, ಆಫ್ ಮಾಡಿ.

ಡಿಸ್ಕನ್ನು ಬಿಚ್ಚಿಕೊಂಡೆ. ಒಂದು ಟಿಬಿಯ ಹಳೆಯ ಮಾದರಿ, ಒಳಗೆ ತಿರುಗುವ ಪ್ಲೇಟ್ ಇರುವಂಥದ್ದು. ಎಸ್‌ಎಸ್‌ಡಿ ಅಲ್ಲದ್ದು ಮುಂದೆ ಉಪಯೋಗಕ್ಕೆ ಬಂತು. ಸಾಟಾದಿಂದ ಯುಎಸ್‌ಬಿಗೆ ಹಾಕುವ ಅಡಾಪ್ಟರ್ ಮೂಲಕ ಲಿನಕ್ಸ್ ಮಷೀನಿಗೆ ಜೋಡಿಸಿದೆ. ಮೌಂಟ್ ಮಾಡಲಿಲ್ಲ, ಅಂದರೆ ಒಳಗಿನ ಫೈಲ್‌ಗಳನ್ನು ತೆರೆಯಲು ಹೋಗಲಿಲ್ಲ. ಡಿಸ್ಕಿನ ನಕಲು ಮಾಡುವ ಡಿಡಿರೆಸ್ಕ್ಯೂ ಅನ್ನುವ ಟೂಲ್ ಕೊಟ್ಟು ಇಡೀ ಡಿಸ್ಕನ್ನು ಒಂದು ದೊಡ್ಡ ಇಮೇಜ್ ಫೈಲ್ ಆಗಿ ಇಳಿಸಿಕೊಂಡೆ. ಡಿಡಿರೆಸ್ಕ್ಯೂನಲ್ಲಿ ನನಗೆ ಇಷ್ಟವಾಗುವುದು ಎಲ್ಲಿಯವರೆಗೆ ಓದಿದೆ ಅಂತ ಬರೆದಿಡುವ ಅದರ ಮ್ಯಾಪ್ ಫೈಲ್. ಮಧ್ಯೆ ನಿಂತರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಕೆಟ್ಟ ಸೆಕ್ಟರ್ ಸಿಕ್ಕರೆ ಅದನ್ನು ದಾಟಿಕೊಂಡು ಹೋಗಿ ಕೊನೆಗೆ ಮತ್ತೆ ಬಂದು ಪ್ರಯತ್ನಿಸುತ್ತದೆ. ರಾತ್ರಿ ಹಚ್ಚಿ ಮಲಗಿದೆ, ಬೆಳಿಗ್ಗೆ ಮುಗಿದಿತ್ತು. ಅಸಲಿ ಡಿಸ್ಕಿಗೆ ಚೀಟಿ ಅಂಟಿಸಿ ಡ್ರಾಯರ್‌ಗೆ ಹಾಕಿದೆ. ಇಲ್ಲಿಂದ ಮುಂದೆ ಮಾಡಿದ್ದೆಲ್ಲಾ ಪ್ರತಿಯ ಮೇಲೆ.

ಯಾವ ತಳಿ?

ಇಮೇಜನ್ನು ರೀಡ್ ಓನ್ಲಿಯಾಗಿ ತೆರೆದು ಮೊದಲು ಓದಿದ್ದು ಆ ರೀಡ್‌ಮಿ. 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ಬೆಲೆ, ಅಂದರೆ 490. ನಂಬಿಕೆ ಬರಲಿ ಅಂತ ಒಂದು ಫೈಲನ್ನು ಪುಕ್ಕಟೆ ಬಿಡಿಸಿಕೊಡುತ್ತೇವೆ. ಕೊನೆಯಲ್ಲಿ ಪರ್ಸನಲ್ ಐಡಿ ಅಂತ ಒಂದು ಉದ್ದದ ಸಾಲು. ಈ ಪತ್ರ ಕಂಡವರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆದರೂ ಊಹೆ ಬೇಡ ಅಂತ ಐಡಿ ರಾನ್ಸಮ್‌ವೇರ್ ಅನ್ನುವ ತಾಣಕ್ಕೆ ಆ ಪತ್ರ ಮತ್ತು ಕೆಟ್ಟ ಫೈಲೊಂದನ್ನು ಹಾಕಿ ನೋಡಿದೆ. ಮ್ಯಾಲ್‌ವೇರ್‌ಹಂಟರ್‌ಟೀಮ್‌ನವರು ನಡೆಸುವ ಉಚಿತ ಸೇವೆ ಅದು. ಸ್ಯಾಂಪಲ್ ಕೊಡುವಾಗ ಖಾಸಗಿ ಫೋಟೊ, ಬ್ಯಾಂಕ್ ಕಾಗದ ಆರಿಸಬೇಡಿ. ಯಾವುದಾದರೂ ವಾಲ್‌ಪೇಪರ್ ಸಾಕು.

ಉತ್ತರ ಬಂತು: ಸ್ಟಾಪ್ ಅಂತಲೂ ಡಿಜೆವಿಯು ಅಂತಲೂ ಕರೆಯುವ ಕುಟುಂಬ. 2018ರಿಂದ ಓಡಾಡುತ್ತಿರುವ, ಮನೆ ಕಂಪ್ಯೂಟರ್‌ಗಳನ್ನೇ ಹಿಡಿಯುವ ತಳಿ. ಬಾಲದ ನಾಲ್ಕು ಅಕ್ಷರ ಪದೇ ಪದೇ ಬದಲಾಗುತ್ತವೆ, ಇಂಥ ನೂರಾರು ಬಾಲಗಳಿವೆ. ಒಳಗಿನ ಸರಕು ಹೆಚ್ಚುಕಡಿಮೆ ಒಂದೇ.

ತಳಿ ಗೊತ್ತಾದರೆ ಬಿಡಿಸುವ ಟೂಲ್ ಇದೆಯೋ ಇಲ್ಲವೋ ಅಂತ ನೋಡಬಹುದು. ಅದಕ್ಕೆ ನೋ ಮೋರ್ ರಾನ್ಸಮ್ ಅನ್ನುವ ತಾಣ. 2016ರ ಜುಲೈನಲ್ಲಿ ಯೂರೋಪೋಲ್, ನೆದರ್‌ಲ್ಯಾಂಡ್ಸ್ ಪೊಲೀಸರು, ಕ್ಯಾಸ್ಪರ್‌ಸ್ಕಿ ಮತ್ತು ಇಂಟೆಲ್ ಸೆಕ್ಯುರಿಟಿ ಸೇರಿ ಶುರು ಮಾಡಿದ್ದು. ಟೂಲ್ ಬೇಕಾದರೆ ಅಲ್ಲಿಂದ, ಇಲ್ಲವೇ ನೇರ ತಯಾರಕರಿಂದ ಮಾತ್ರ ತೆಗೆದುಕೊಳ್ಳಿ. ಇದನ್ನು ಸುಮ್ನೆ ಹೇಳುತ್ತಿಲ್ಲ. 2020ರ ಜೂನ್‌ನಲ್ಲಿ ಇದೇ ಡಿಜೆವಿಯುಗೆ ಪರಿಹಾರ ಅಂತ ಒಂದು ಟೂಲ್ ಹರಿದಾಡಿತ್ತು. ನಿಜದಲ್ಲಿ ಅದು ಜೋರಾಬ್ ಅನ್ನುವ ಇನ್ನೊಂದು ರಾನ್ಸಮ್‌ವೇರ್. ಮೊದಲೇ ಲಾಕ್ ಆದ ಫೈಲ್‌ಗಳ ಮೇಲೆ ಇನ್ನೊಂದು ಲಾಕ್ ಹಾಕುತ್ತಿತ್ತು.

ಒಳಗೆ ಬಂದ ದಾರಿ

ಡೌನ್‌ಲೋಡ್ಸ್ ಫೋಲ್ಡರನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಮೊದಲ ರೀಡ್‌ಮಿ ಹುಟ್ಟಿದ ಹೊತ್ತಿಗೆ ಸ್ವಲ್ಪ ಮುಂಚೆ ಬಂದಿಳಿದದ್ದು ಒಂದು ಜಿಪ್. ದುಡ್ಡು ಕೊಟ್ಟು ಕೊಳ್ಳಬೇಕಾದ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರಿನ ಕ್ರ್ಯಾಕ್. ಜಿಪ್‌ಗೆ ಪಾಸ್‌ವರ್ಡ್ ಇತ್ತು, ಆ ಪಾಸ್‌ವರ್ಡ್ ಫೈಲಿನ ಹೆಸರಿನಲ್ಲೇ ಇತ್ತು. ಎಲ್ಲರಿಗೂ ಕಾಣುವ ಪಾಸ್‌ವರ್ಡ್ ಯಾಕೆ ಅಂತ ಅನಿಸಬಹುದು. ಅದು ಮನುಷ್ಯರಿಗಾಗಿ ಇಟ್ಟದ್ದಲ್ಲ. ಪಾಸ್‌ವರ್ಡ್ ಇರುವ ಜಿಪ್‌ನ ಒಳಗೆ ಆಂಟಿವೈರಸ್ ಇಣುಕಲಾರದು, ಅಷ್ಟೇ ಉದ್ದೇಶ. ಒಳಗಿನ ಸೆಟಪ್ ಫೈಲ್ ನೂರಾರು ಎಂಬಿ. ಫೈಲನ್ನು ಬೈಟ್ ಬೈಟ್ ಆಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದರೆ ಸ್ವಲ್ಪ ಭಾಗ ಕೋಡ್, ಆಮೇಲೆ ಪುಟಗಟ್ಟಲೆ ಬರೀ ಸೊನ್ನೆ. ಕೆಲವು ಸ್ಕ್ಯಾನರ್‌ಗಳು ದೊಡ್ಡ ಫೈಲ್ ಕಂಡರೆ ಬಿಟ್ಟುಬಿಡುತ್ತವೆ, ಅದಕ್ಕೆ ಈ ಹೊಟ್ಟೆ ಉಬ್ಬರ. ಜೊತೆಗೊಂದು ಸೂಚನೆಯ ಫೈಲ್: ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ. ಕಳ್ಳನೇ ಬಂದು ನಾಯಿ ಕಟ್ಟಿ ಹಾಕಿ ಅಂದರೂ ಕಟ್ಟುವವರಿದ್ದಾರೆ.

ಓಡಿಸಿದ ಮೇಲೆ ಈ ತಳಿ ಏನು ಮಾಡುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರುವ ವಿಚಾರ. ಮೊದಲು ಒಂದು ತಾಣಕ್ಕೆ ಹೋಗಿ ಈ ಕಂಪ್ಯೂಟರ್ ಯಾವ ದೇಶದಲ್ಲಿದೆ ಅಂತ ಕೇಳುತ್ತದೆ. ರಷ್ಯಾ, ಬೆಲಾರೂಸ್ ಥರದ ಕೆಲವು ದೇಶವಾದರೆ ಸುಮ್ಮನಾಗುತ್ತದೆ. ಇಲ್ಲವಾದರೆ ಬಳಕೆದಾರರ ಆಪ್‌ಡೇಟಾ ಫೋಲ್ಡರ್ ಒಳಗೆ ತನ್ನ ಪ್ರತಿ ಇಟ್ಟುಕೊಂಡು, ತನ್ನ ಸರ್ವರಿಗೆ ಕೀ ಕೇಳಿ, ಕೆಲಸ ಶುರು ಮಾಡುತ್ತದೆ. ಅದೇ ಹೊತ್ತಿಗೆ ಪರದೆ ಮೇಲೆ ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಅನ್ನುವ ನಕಲಿ ಕಿಟಕಿ ತೋರಿಸುತ್ತದೆ. ಡಿಸ್ಕ್ ಲೈಟ್ ಮಿನುಗುತ್ತಾ ಕಂಪ್ಯೂಟರ್ ನಿಧಾನವಾದರೂ "ಅಪ್‌ಡೇಟ್ ಅಲ್ವಾ" ಅಂತ ಬಿಟ್ಟುಬಿಡುತ್ತೇವೆ. ಗೆಳೆಯನೂ ಹಾಗೇ ಟೀ ಕುಡಿಯಲು ಎದ್ದು ಹೋಗಿದ್ದನಂತೆ.

ಬೇರೆ ದಾರಿಯಿಂದ ಬಂದಿಲ್ಲ ಅನ್ನುವುದನ್ನೂ ಖಚಿತ ಮಾಡಿಕೊಳ್ಳಬೇಕಿತ್ತು. ದಾರಿ ತಪ್ಪಾಗಿ ಗುರುತಿಸಿದರೆ ಹೊಸದಾಗಿ ವಿಂಡೋಸ್ ಹಾಕಿದ ಮಾರನೇ ದಿನ ಮತ್ತೆ ಅದೇ ಕಥೆ. ಆಫೀಸಿನ ಮಷೀನ್‌ಗಳಲ್ಲಿ ನಾನು ಮೊದಲು ನೋಡುವುದು ರಿಮೋಟ್ ಡೆಸ್ಕ್‌ಟಾಪ್. ಪೋರ್ಟ್ 3389 ಅನ್ನು ರೂಟರ್‌ನಲ್ಲಿ ಹೊರಗಿನ ಲೋಕಕ್ಕೆ ತೆರೆದಿಟ್ಟಿದ್ದರೆ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಹಗಲೂ ರಾತ್ರಿ ಬಾಗಿಲು ಬಡಿಯುತ್ತಿರುತ್ತವೆ. ಇಮೇಜಿನಿಂದ ಸೆಕ್ಯುರಿಟಿ ಲಾಗ್ ಫೈಲನ್ನು ತೆಗೆದು ಇನ್ನೊಂದು ಮಷೀನಿನ ಈವೆಂಟ್ ವ್ಯೂವರ್‌ನಲ್ಲಿ ನೋಡಿದೆ. ವಿಫಲ ಲಾಗಿನ್‌ನ ನಂಬರ್ 4625. ಅವು ಸಾಲುಗಟ್ಟಿ ಬಂದು, ಕೊನೆಗೆ ಒಂದು 4624, ಅದರಲ್ಲಿ ಲಾಗಾನ್ ಟೈಪ್ 10 ಕಂಡರೆ ಕಥೆ ಮುಗಿದಂತೆ, ಯಾರೋ ರಿಮೋಟ್‌ನಲ್ಲಿ ಒಳಗೆ ಬಂದಿದ್ದಾರೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಮೇಲ್‌ನಲ್ಲಿ ಬರುವ, ಮ್ಯಾಕ್ರೊ (ಫೈಲಿನೊಳಗೇ ಅಡಗಿದ ಪುಟ್ಟ ಪ್ರೋಗ್ರಾಮ್) ಇರುವ ಆಫೀಸ್ ಫೈಲ್ ಇನ್ನೊಂದು ಹಳೆಯ ದಾರಿ. 2022ರಲ್ಲಿ ಮೈಕ್ರೋಸಾಫ್ಟ್ ನೆಟ್‌ನಿಂದ ಬಂದ ಮ್ಯಾಕ್ರೊಗಳನ್ನು ತಾನಾಗಿಯೇ ತಡೆಯತೊಡಗಿದ ಮೇಲೆ ಅದು ಕಡಿಮೆಯಾಗಿದೆ. ಬದಲಿಗೆ ಜಿಪ್, ಐಎಸ್‌ಒ, ಪಿಡಿಎಫ್ ವೇಷದ ಇಎಕ್ಸ್‌ಇ ಬರುತ್ತವೆ. ಇನ್ನು ಯಾರೂ ಏನೂ ಒತ್ತದೇ ತಾನಾಗಿ ಹರಡುವ ಜಾತಿ. 2017ರ ಮೇ 12ರಂದು ಹಬ್ಬಿದ ವಾನ್ನಕ್ರೈ ಹಾಗೆ ಬಂದದ್ದು, ಹಳೆಯ ಫೈಲ್ ಶೇರಿಂಗ್ ವ್ಯವಸ್ಥೆಯ ತೂತಿನಿಂದ. ಆ ತೂತು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಸುಮಾರು ಎರಡು ತಿಂಗಳು ಹಾಕದೇ ಬಿಟ್ಟವರು ಸಿಕ್ಕಿಬಿದ್ದರು.

ಕೆಟ್ಟ ಫೈಲಿನ ಹೊಟ್ಟೆಯೊಳಗೆ

ಈಗ ನನಗೆ ಇಷ್ಟದ ಭಾಗ. ಮೂರು ಎಂಬಿಯ ಒಂದು ಜೆಪಿಜಿಯನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದೆ. ಸರಿಯಿರುವ ಕ್ಯಾಮೆರಾ ಫೋಟೊ ಶುರುವಾಗುವುದು ಎಫ್‌ಎಫ್ ಡಿ8 ಎಂಬ ಎರಡು ಬೈಟ್‌ಗಳಿಂದ. ಇದರಲ್ಲೂ ಅವು ಹಾಗೇ ಇದ್ದವು! ಮೊದಲ ಐದು ಬೈಟ್‌ಗಳನ್ನು ಈ ತಳಿ ಮುಟ್ಟುವುದಿಲ್ಲ. ಆರನೆಯದರಿಂದ ಪೂರ್ತಿ ಗೊಂದಲ. ಕ್ಯಾಮೆರಾದ ಹೆಸರು, ತಾರೀಖು ಇರಬೇಕಾದ ಜಾಗದಲ್ಲಿ ತಲೆಬುಡವಿಲ್ಲದ ಚಿಹ್ನೆಗಳು. ಕೆಳಗೆ ಹೋಗುತ್ತಾ ಹೋದೆ. ಸುಮಾರು 150 ಕೆಬಿ ದಾಟಿದ ಮೇಲೆ, ಲೆಕ್ಕ ಹಾಕಿದರೆ 1,53,600 ಬೈಟ್ ಆದ ಮೇಲೆ, ಎನ್‌ಕ್ರಿಪ್ಶನ್ ನಿಂತಿದೆ. ಆದರೆ ಫೋಟೊದ ಒಳಗಿನ ಡೇಟಾ ಕೂಡ ಕಣ್ಣಿಗೆ ಗೊಂದಲದಂತೆಯೇ ಕಾಣುವುದರಿಂದ ಗೆರೆ ಎಲ್ಲಿದೆ ಅಂತ ಅಲ್ಲಿ ತಿಳಿಯುವುದಿಲ್ಲ. ಒಂದು ದೊಡ್ಡ ಟೆಕ್ಸ್ಟ್ ಫೈಲ್ ತೆರೆದರೆ ಸ್ಪಷ್ಟ. ಒಂದು ಸಾಲಿನ ನಡುವೆ ಗೊಂದಲ ಮುಗಿದು ಓದಲು ಬರುವ ಅಕ್ಷರಗಳು ಶುರುವಾಗುತ್ತವೆ.

ಯಾಕೆ ಹೀಗೆ? ವೇಗಕ್ಕೆ. ಇಡೀ ಡಿಸ್ಕನ್ನು ಪೂರ್ತಿ ಕೆಡಿಸುತ್ತಾ ಕೂತರೆ ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಯಾರಾದರೂ ಪ್ಲಗ್ ಕಿತ್ತಾರು. ತಲೆಭಾಗ ಕೆಡಿಸಿದರೆ ಸಾಕು, ಫೈಲ್ ತೆರೆಯುವುದಿಲ್ಲ.

ಫೈಲಿನ ಕೊನೆಗೆ ಬಂದರೆ ಇನ್ನೂ ಮಜಾ. ಮೂಲದಲ್ಲಿ ಇಲ್ಲದ ತುಣುಕುಗಳನ್ನು ಅಲ್ಲಿ ಅಂಟಿಸಲಾಗಿದೆ. ಒಂದು, ಲಾಕ್ ಆಗಿರುವ ಕೀ. ಎರಡು, ಪರ್ಸನಲ್ ಐಡಿ. ಮೂರು, "ಇದನ್ನು ಈಗಾಗಲೇ ಕೆಡಿಸಿದ್ದೇನೆ, ಮತ್ತೆ ಮುಟ್ಟಬೇಡ" ಅಂತ ತನಗೆ ತಾನೇ ಇಟ್ಟುಕೊಂಡ ಗುರುತಿನ ಸಾಲು.

ಆ ಮೊದಲ ತುಣುಕಿನಲ್ಲೇ ಎಲ್ಲಾ ಇರುವುದು. ಫೈಲನ್ನು ಲಾಕ್ ಮಾಡಿದ್ದು ಸಾಲ್ಸಾ20 ಅನ್ನುವ ವೇಗದ ವಿಧಾನ. ಅದಕ್ಕೆ ಬಳಸಿದ ಕೀಯನ್ನು ಆರ್‌ಎಸ್‌ಎ ಎಂಬ ಇನ್ನೊಂದು ವಿಧಾನದಲ್ಲಿ ಲಾಕ್ ಮಾಡಿ ಫೈಲಿಗೇ ಅಂಟಿಸಿದ್ದಾರೆ. ಆರ್‌ಎಸ್‌ಎಯಲ್ಲಿ ಲಾಕ್ ಮಾಡುವ ಕೀ ಬೇರೆ, ತೆರೆಯುವ ಕೀ ಬೇರೆ. ಲಾಕ್ ಮಾಡುವುದು ಮಾತ್ರ ನಮ್ಮ ಕಂಪ್ಯೂಟರಿಗೆ ಬಂದದ್ದು. ತೆರೆಯುವುದು ಅವರ ಹತ್ತಿರವೇ ಉಳಿದಿದೆ. 2,048 ಬಿಟ್‌ನ ಆರ್‌ಎಸ್‌ಎಯನ್ನು ಊಹಿಸಿ ಒಡೆಯುವ ಮಾತು ಬಿಡಿ, ಇವತ್ತಿನ ಯಾವ ಕಂಪ್ಯೂಟರಿನಿಂದಲೂ ಆಗದು. 2019ರ ಆಗಸ್ಟ್‌ಗೆ ಮುಂಚಿನ ಡಿಜೆವಿಯು ಇಷ್ಟು ಗಟ್ಟಿ ಇರಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಅನ್ನುವ ಆಂಟಿವೈರಸ್ ಕಂಪನಿ ಬಿಟ್ಟ ಟೂಲ್ 148 ಬಾಲಗಳನ್ನು ನಿಭಾಯಿಸಿತು. ಆಮೇಲೆ ಬಂದವಕ್ಕೆ ಒಂದೇ ಒಂದು ಸಂದು ಉಳಿದಿದೆ.

ಆ ಸಂದು ಇದು. ಪ್ರೋಗ್ರಾಮ್ ತನ್ನ ಸರ್ವರನ್ನು ಸಂಪರ್ಕಿಸಲಾಗದಿದ್ದರೆ ತನ್ನೊಳಗೇ ಇಟ್ಟುಕೊಂಡ ಒಂದು ಕೀ ಬಳಸುತ್ತದೆ. ಇದನ್ನು ಆಫ್‌ಲೈನ್ ಕೀ ಅನ್ನುತ್ತಾರೆ. ಒಂದೇ ಬಾಲದ ಆಫ್‌ಲೈನ್ ಬಲಿಪಶುಗಳಿಗೆಲ್ಲಾ ಅದೇ ಕೀ. ಯಾರಾದರೊಬ್ಬರು ದುಡ್ಡು ಕೊಟ್ಟು ಅದನ್ನು ತೆರೆಯುವ ಕೀ ಪಡೆದು ಎಮ್ಸಿಸಾಫ್ಟ್‌ಗೆ ತಲುಪಿಸಿದರೆ ಉಳಿದವರೆಲ್ಲರ ಫೈಲೂ ತೆರೆಯುತ್ತವೆ. ಗುರುತು ಹಿಡಿಯುವುದು ಸುಲಭ: ಆಫ್‌ಲೈನ್ ಐಡಿಯ ಕೊನೆಯ ಎರಡು ಅಕ್ಷರ ಟಿ1.

ಸಿ ಡ್ರೈವ್‌ನಲ್ಲಿ ಸಿಸ್ಟಮ್‌ಐಡಿ ಅನ್ನುವ ಫೋಲ್ಡರ್ ಇರುತ್ತದೆ, ಅದರೊಳಗೆ ಪರ್ಸನಲ್‌ಐಡಿ ಎಂಬ ಟೆಕ್ಸ್ಟ್ ಫೈಲ್. ತೆರೆದೆ. ಎರಡು ಸಾಲು ಇದ್ದವು. ಒಂದರ ಕೊನೆಗೆ ಟಿ1, ಇನ್ನೊಂದಕ್ಕೆ ಇಲ್ಲ. ಅಂದರೆ ಇದು ನೆಟ್ ಇಲ್ಲದಾಗ ಒಮ್ಮೆ, ನೆಟ್ ಇದ್ದಾಗ ಒಮ್ಮೆ ಕೆಲಸ ಮಾಡಿದೆ. ಗೆಳೆಯನಿಗೆ ಫೋನ್ ಹಾಕಿ ಕೇಳಿದೆ. "ಆವತ್ತು ನೆಟ್ ಬಂದು ಬಂದು ಹೋಗ್ತಿತ್ತು" ಅಂದ. ಕೆಟ್ಟ ನೆಟ್‌ಗೆ ಥ್ಯಾಂಕ್ಸ್ ಹೇಳುವ ಸಂದರ್ಭ ಅಪರೂಪಕ್ಕೆ ಬರುತ್ತದೆ ನೋಡಿ.

ಇಂಥ ಸುಳಿವಿಗೇ ಮೊದಲು ಕ್ಲೀನ್ ಮಾಡಬಾರದು ಅನ್ನುವುದು. ಎಷ್ಟೋ ಸ್ಕ್ಯಾನರ್‌ಗಳು ಆ ಫೋಲ್ಡರನ್ನೂ ರೀಡ್‌ಮಿಗಳನ್ನೂ ಕಸ ಅಂತ ಗುಡಿಸಿಬಿಡುತ್ತವೆ.

ಸಿಕ್ಕಿದ್ದು ಎಷ್ಟು

ಎಮ್ಸಿಸಾಫ್ಟ್‌ನ ಡಿಕ್ರಿಪ್ಟರನ್ನು ಒಂದು ಸ್ವಚ್ಛ ಮಷೀನಿನಲ್ಲಿ ಓಡಿಸಿದೆ, ಫೈಲ್‌ಗಳ ಪ್ರತಿಯನ್ನು ಅದಕ್ಕೆ ತೋರಿಸಿ. ಇದಕ್ಕೆ ನೆಟ್ ಬೇಕು, ಕೀಗಳು ಅವರ ಸರ್ವರ್‌ನಲ್ಲಿವೆ. ಕೆಟ್ಟ ಫೈಲ್‌ಗಳನ್ನು ಹಾಗೇ ಉಳಿಸಿಕೋ ಅನ್ನುವ ಆಯ್ಕೆಯ ಟಿಕ್ ತೆಗೆಯಬಾರದು. ಟೂಲ್ ಎಡವಿದರೆ ಮರಳಿ ಹೋಗಲು ದಾರಿ ಇರಬೇಕು.

ಈ ಬಾಲದ ಆಫ್‌ಲೈನ್ ಕೀ ಅವರ ಹತ್ತಿರ ಇತ್ತು. ಡಾಕ್ಯುಮೆಂಟ್ಸ್ ಫೋಲ್ಡರ್, ಡೆಸ್ಕ್‌ಟಾಪ್ ಮೇಲಿದ್ದದ್ದು ಪಟಪಟ ತೆರೆದುಕೊಂಡವು. ಫೋಟೊ ಮತ್ತು ವಿಡಿಯೊ ಇದ್ದ ಡಿ ಡ್ರೈವ್‌ಗೆ ಬಂದಾಗ ಲಾಗ್‌ನಲ್ಲಿ ಕೆಂಪು ಸಾಲು: ಆನ್‌ಲೈನ್ ಐಡಿ, ಬಿಡಿಸಲು ಸಾಧ್ಯವಿಲ್ಲ. ಹೆಕ್ಸ್ ಎಡಿಟರ್‌ನಲ್ಲಿ ಒಂದೆರಡು ಫೈಲಿನ ಕೊನೆಯಲ್ಲಿರುವ ಐಡಿ ನೋಡಿ ಖಚಿತ ಮಾಡಿಕೊಂಡೆ. ಟಿ1 ಇಲ್ಲ. ಇಲ್ಲಿಗೆ ಡಿಕ್ರಿಪ್ಟರ್ ಕೆಲಸ ಮುಗಿಯಿತು. ಆನ್‌ಲೈನ್ ಐಡಿಯನ್ನೂ ಬಿಡಿಸಿಕೊಡುತ್ತೇವೆ ಅಂತ ವಿಡಿಯೊಗಳ ಕೆಳಗೆ ನಂಬರ್ ಕೊಡುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಅವರ ಹತ್ತಿರ ಇಲ್ಲದ ಕೀ ಅವರಿಗೆ ಎಲ್ಲಿಂದ ಬರಬೇಕು?

ಉಳಿದದ್ದು 150 ಕೆಬಿ ಲೆಕ್ಕ. ತಲೆಭಾಗ ಹೋದರೂ ಉಳಿದ ದೇಹ ಸರಿಯಿದೆಯಲ್ಲ, ಅದನ್ನು ಎಷ್ಟು ಎತ್ತಬಹುದು ಅಂತ ಒಂದೊಂದು ಜಾತಿಯ ಫೈಲನ್ನೇ ಹಿಡಿದು ಕೂತೆ.

ಎಂಪಿ3 ಎಲ್ಲಕ್ಕಿಂತ ಸುಲಭ. ಬಾಲ ಕಿತ್ತು ಹೆಸರು ಸರಿ ಮಾಡಿದರೆ ಪ್ಲೇಯರ್ ಕೆಟ್ಟ ಭಾಗವನ್ನು ಹಾರಿಸಿ, ಮುಂದಿನ ಸರಿಯಾದ ಫ್ರೇಮಿನಿಂದ ನುಡಿಸುತ್ತದೆ. ಮೊದಲ ಕೆಲವು ಸೆಕೆಂಡ್ ಹೋಗುತ್ತದೆ, ಅಷ್ಟೇ. ಜಿಪ್ ಫೈಲಿನ ವಿಷಯಸೂಚಿ ಇರುವುದು ಕೊನೆಯಲ್ಲಿ, ಅದು ಕೆಟ್ಟಿಲ್ಲ. ಫೈಲಿನ ಕೊನೆಗೆ ಅಂಟಿಸಿದ ತುಣುಕುಗಳನ್ನು ಕತ್ತರಿಸಿ 7-ಜಿಪ್‌ನಲ್ಲಿ ತೆರೆದರೆ ಒಳಗಿನ ಪಟ್ಟಿ ಪೂರ್ತಿ ಕಾಣುತ್ತದೆ. ಮೊದಲ 150 ಕೆಬಿಯಲ್ಲಿ ಬಿದ್ದ ಒಂದೆರಡು ಫೈಲ್ ಬಿಟ್ಟು ಉಳಿದದ್ದು ಹೊರಗೆ ಬಂದವು. ವರ್ಡ್, ಎಕ್ಸೆಲ್‌ನ ಹೊಸ ಮಾದರಿಗಳೂ ಒಳಗೆ ಜಿಪ್ಪೇ. ಚಿತ್ರಗಳಿರುವ ದೊಡ್ಡ ಫೈಲಾದರೆ ಏನಾದರೂ ಸಿಗುತ್ತದೆ. ಎರಡು ಪುಟದ ಪತ್ರವಾದರೆ ಇಡೀ ಫೈಲೇ 150 ಕೆಬಿಗಿಂತ ಚಿಕ್ಕದು, ಆಸೆ ಬಿಡಬೇಕು.

ಫೋನಿನಲ್ಲಿ ತೆಗೆದ ಎಂಪಿ4 ವಿಡಿಯೊಗಳು ಚೆನ್ನಾಗಿ ಬಂದವು. ಯಾವ ಫ್ರೇಮ್ ಎಲ್ಲಿದೆ ಅನ್ನುವ ಸೂಚಿಯನ್ನು ಎಷ್ಟೋ ಫೋನ್‌ಗಳು ಫೈಲಿನ ಕೊನೆಗೆ ಬರೆಯುತ್ತವೆ. ಹಾಗಾಗಿ ಅದು ಬಚಾವ್. ಅದೇ ಫೋನಿನಲ್ಲಿ ತೆಗೆದ, ಸರಿಯಾಗಿರುವ ಇನ್ನೊಂದು ವಿಡಿಯೊವನ್ನು ಮಾದರಿಯಾಗಿ ಕೊಟ್ಟರೆ ರಿಪೇರಿ ಟೂಲ್‌ಗಳು ತಲೆಯನ್ನು ಮತ್ತೆ ಕಟ್ಟುತ್ತವೆ.

ಜೆಪಿಜಿಯೇ ತಲೆನೋವು. ಚಿತ್ರವನ್ನು ಬಿಡಿಸಿ ಓದಲು ಬೇಕಾದ ಕೋಷ್ಟಕಗಳೆಲ್ಲಾ ತಲೆಭಾಗದಲ್ಲೇ ಇರುತ್ತವೆ. ಅದೇ ಕ್ಯಾಮೆರಾದ, ಅದೇ ಅಳತೆಯ, ಅದೇ ಗುಣಮಟ್ಟದ ಸರಿಯಾದ ಫೋಟೊದಿಂದ ಕೋಷ್ಟಕಗಳನ್ನು ಎರವಲು ಪಡೆದು ಇದಕ್ಕೆ ಜೋಡಿಸಬೇಕು. ಆದರೂ ಚಿತ್ರದ ಮೇಲಿನ ಪಟ್ಟಿ ಹೋಗಿರುತ್ತದೆ, ಬಣ್ಣ ಏರುಪೇರಾಗುತ್ತದೆ, ಚಿತ್ರ ಪಕ್ಕಕ್ಕೆ ಸರಿದಿರುತ್ತದೆ. ಒಂದೊಂದನ್ನೂ ಕೈಯಲ್ಲಿ ಸರಿಸಿ ಕೂರಿಸಬೇಕು. ಮೇಲೆ ಆಕಾಶ ಕೆಳಗೆ ಜನ ಇರುವ ಫೋಟೊದಲ್ಲಿ ಹೋಗಿದ್ದು ಆಕಾಶ ಮಾತ್ರ, ನಷ್ಟವೇನಿಲ್ಲ. ಸಾವಿರಾರು ಫೋಟೊಗೆ ಇದನ್ನು ಮಾಡುವುದು ಹುಚ್ಚು. ಬೇಕೇಬೇಕು ಅನ್ನುವ ಕೆಲವನ್ನು ಅವನೇ ಆರಿಸಲಿ ಅಂತ ಪಟ್ಟಿ ಕೇಳಿದೆ.

ಶ್ಯಾಡೊ ಕಾಪಿ, ಅಂದರೆ ವಿಂಡೋಸ್ ತಾನಾಗಿ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನು ನೋಡಿದೆ, ಖಾಲಿ. ಇದು ನಿರೀಕ್ಷಿತವೇ. ವಿಎಸ್‌ಎಸ್‌ಅಡ್ಮಿನ್ ಕಮಾಂಡ್‌ನಿಂದ ಅವನ್ನೆಲ್ಲ ಒಂದೇ ಏಟಿಗೆ ಅಳಿಸುವುದು ರಾನ್ಸಮ್‌ವೇರ್‌ಗಳ ಮಾಮೂಲಿ ಚಾಳಿ. ಆಮೇಲೆ ಫೋಟೊರೆಕ್ ಓಡಿಸಿದೆ. ಅದು ಫೈಲಿನ ಹೆಸರು ನೋಡದೆ, ಡಿಸ್ಕಿನ ಖಾಲಿ ಜಾಗದಲ್ಲಿ ಫೋಟೊದ ಲಕ್ಷಣ ಹುಡುಕುತ್ತದೆ. ಹಿಂದೆಂದೋ ಡಿಲೀಟ್ ಮಾಡಿದ್ದ, ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಕಟ್ ಮಾಡಿ ಹಾಕಿದ್ದ ಫೋಟೊಗಳ ಹಳೆಯ ಪ್ರತಿಗಳು ರಾಶಿ ಸಿಕ್ಕವು. ಹೆಸರಿಲ್ಲ, ತಾರೀಖಿನ ಫೋಲ್ಡರ್ ಇಲ್ಲ, ಆದರೆ ಪೂರ್ತಿ ಫೋಟೊ. ತಿರುಗುವ ಡಿಸ್ಕ್ ಆಗಿದ್ದರಿಂದ ಇದು ಸಾಧ್ಯವಾಯಿತು. ಎಸ್‌ಎಸ್‌ಡಿಯಲ್ಲಿ, ಡಿಲೀಟ್ ಆದ ಜಾಗವನ್ನು ಖಾಲಿ ಮಾಡುವ ಟ್ರಿಮ್ ಅನ್ನುವ ವ್ಯವಸ್ಥೆ ಆ ಜಾಗವನ್ನು ಆಗಲೇ ತೊಳೆದುಬಿಟ್ಟಿರುತ್ತದೆ.

ಇಷ್ಟೆಲ್ಲಾ ಮಾಡಿದ ಮೇಲೆ ಗೆಳೆಯನನ್ನು ಕೂರಿಸಿಕೊಂಡು ಕೇಳಿದ್ದು ಬೇರೆಯದೇ ಪ್ರಶ್ನೆ: ಈ ಫೋಟೊಗಳನ್ನು ಯಾರಿಗೆಲ್ಲ ಕಳಿಸಿದ್ದೆ? ಹಳೆಯ ಫೋನ್ ಎಲ್ಲಿದೆ? ಕ್ಯಾಮೆರಾದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿದೆಯಾ? ಮೇಲ್‌ನ ಸೆಂಟ್ ಬಾಕ್ಸ್‌ನಲ್ಲಿ, ತಂಗಿಯ ಫೋನಿನಲ್ಲಿ ಕೆಲವು ಇದ್ದವು, ಕೆಲವು ಗೂಗಲ್ ಫೋಟೋಸ್‌ಗೆ ತಾನಾಗಿ ಹೋಗಿದ್ದವು. ನಿಜ ಹೇಳಬೇಕೆಂದರೆ ಎಲ್ಲ ಟೂಲ್‌ಗಳಿಗಿಂತ ಜಾಸ್ತಿ ಫೋಟೊ ಸಿಕ್ಕಿದ್ದು ಈ ವಿಚಾರಣೆಯಿಂದ. ಒನ್‌ಡ್ರೈವ್ ಥರದ ಸೇವೆ ಬಳಸುವವರು ಫೈಲಿನ ಹಳೆಯ ಆವೃತ್ತಿಗಳನ್ನೂ ನೋಡಬೇಕು. ಕೆಟ್ಟ ಫೈಲ್ ಸಿಂಕ್ ಆಗಿದ್ದರೂ ಮುಂಚಿನ ಆವೃತ್ತಿ ಅಲ್ಲಿ ಉಳಿದಿರಬಹುದು.

ತೆರೆಯದೇ ಉಳಿದ ಫೈಲ್‌ಗಳನ್ನು ಎಸೆಯಲಿಲ್ಲ. ಬಾಲದ ಸಮೇತ, ಒಂದು ರೀಡ್‌ಮಿ ಮತ್ತು ಪರ್ಸನಲ್‌ಐಡಿ ಫೈಲ್ ಸಮೇತ ಬೇರೆ ಡಿಸ್ಕಿಗೆ ಹಾಕಿಟ್ಟೆ. ಕೀಗಳು ತಡವಾಗಿ ಹೊರಗೆ ಬಂದ ಉದಾಹರಣೆಗಳಿವೆ. ಟೆಸ್ಲಾಕ್ರಿಪ್ಟ್ ಅನ್ನುವ ರಾನ್ಸಮ್‌ವೇರ್‌ನವರು 2016ರ ಮೇನಲ್ಲಿ ಅಂಗಡಿ ಮುಚ್ಚುವಾಗ ತಾವೇ ಮಾಸ್ಟರ್ ಕೀ ಕೊಟ್ಟರು. ಇನ್ನೊಂದು ತಳಿ ಗ್ಯಾಂಡ್‌ಕ್ರ್ಯಾಬ್‌ನ ಕೀಗಳನ್ನು 2019ರಲ್ಲಿ ಎಫ್‌ಬಿಐ ಬಿಡುಗಡೆ ಮಾಡಿತು. ಶೇಡ್ ಗುಂಪು 2020ರ ಏಪ್ರಿಲ್‌ನಲ್ಲಿ ಏಳೂವರೆ ಲಕ್ಷ ಕೀ ಹೊರಗಿಟ್ಟಿತು.

ದುಡ್ಡು ಕೊಡುವ ಮಾತೂ ಬಂತು, 490 ಡಾಲರ್ ಅಲ್ವಾ ಅಂತ. ನಾನು ಬೇಡ ಅಂದೆ. ಕೊಟ್ಟರೆ ಕೀ ಬರುತ್ತದೆ ಅನ್ನುವ ಖಾತ್ರಿ ಇಲ್ಲ, ಆ ದುಡ್ಡು ಮುಂದಿನ ಬಾಲಕ್ಕೆ ಬಂಡವಾಳ. ನಿರ್ಧಾರ ಅವನದೇ. ಕೊಡಲಿಲ್ಲ.

ಕೊನೆಗೆ ಕ್ಲೀನಿಂಗ್

ಇಮೇಜನ್ನು ಒಂದು ಹಳೆಯ ಡಿಸ್ಕಿಗೆ ಇಳಿಸಿ, ನೆಟ್ ಇಲ್ಲದೆ ಸೇಫ್ ಮೋಡ್‌ನಲ್ಲಿ ಬೂಟ್ ಮಾಡಿದೆ. ಅಸಲಿ ಡಿಸ್ಕನ್ನು ಹೇಗೂ ಪೂರ್ತಿ ಅಳಿಸುವವನೇ ಇದ್ದೆ, ಆದರೂ ಬೇರು ಎಲ್ಲೆಲ್ಲಿ ಹೋಗಿದೆ ಅಂತ ನೋಡುವ ಆಸೆ. ತಾನಾಗಿ ಶುರುವಾಗುವ ಪ್ರೋಗ್ರಾಮ್‌ಗಳ ಪಟ್ಟಿ ತೋರಿಸುವ, ಮೈಕ್ರೋಸಾಫ್ಟ್‌ನದೇ ಆದ ಆಟೋರನ್ಸ್ ತೆರೆದರೆ ಸಿಸ್‌ಹೆಲ್ಪರ್ ಅನ್ನುವ ನಮೂದು ಎದ್ದು ಕಾಣುತ್ತಿತ್ತು. ಟಾಸ್ಕ್ ಶೆಡ್ಯೂಲರ್‌ನಲ್ಲಿ ಟೈಮ್ ಟ್ರಿಗರ್ ಟಾಸ್ಕ್, ಐದು ನಿಮಿಷಕ್ಕೊಮ್ಮೆ ಓಡುವಂಥದ್ದು. ಹೊಸ ಫೈಲ್ ಬಂದರೆ ಅದೂ ಯಾಕೆ ಹೋಗುತ್ತಿತ್ತು ಅನ್ನುವುದಕ್ಕೆ ಉತ್ತರ ಇಲ್ಲಿತ್ತು. ಎರಡೂ ತೋರಿಸುತ್ತಿದ್ದದ್ದು ಆಪ್‌ಡೇಟಾದ ಲೋಕಲ್ ಒಳಗಿನ, ಉದ್ದ ಅಂಕಿ ಅಕ್ಷರಗಳ ಹೆಸರಿನ ಒಂದು ಫೋಲ್ಡರ್. ಅದನ್ನು ಡಿಲೀಟ್ ಮಾಡಲು ಹೋದರೆ "ಅನುಮತಿ ಇಲ್ಲ". ಅಡ್ಮಿನ್ ಆದರೂ ಆಗದು. ಐಕ್ಯಾಕ್ಲ್ಸ್ ಕಮಾಂಡ್ ಬಳಸಿ ಯಾರೂ ಅಳಿಸದಂತೆ ಅದು ತನ್ನ ಫೋಲ್ಡರಿಗೆ ನಿರ್ಬಂಧ ಹಾಕಿಕೊಂಡಿರುತ್ತದೆ. ಅದೇ ಕಮಾಂಡ್‌ನಿಂದ ಅನುಮತಿಗಳನ್ನು ರೀಸೆಟ್ ಮಾಡಿದರೆ ಸುಮ್ಮನೆ ಹೋಗುತ್ತದೆ.

ಯಾವ ತಾಣದ ಹೆಸರು ಯಾವ ವಿಳಾಸಕ್ಕೆ ಹೋಗಬೇಕು ಅಂತ ಬರೆದಿಡುವ ಹೋಸ್ಟ್ಸ್ ಫೈಲನ್ನೂ ನೋಡಲೇಬೇಕು. ಆಂಟಿವೈರಸ್ ತಾಣಗಳು, ಸಹಾಯ ಸಿಗುವ ತಾಣಗಳನ್ನೆಲ್ಲಾ 127.0.0.1ಕ್ಕೆ, ಅಂದರೆ ಅದೇ ಕಂಪ್ಯೂಟರಿಗೆ, ತಿರುಗಿಸಿದ ಸಾಲುಗಳು ಅಲ್ಲಿ ತುಂಬಿದ್ದವು. ಆ ಮಷೀನಿನಿಂದ ಪರಿಹಾರ ಹುಡುಕಲು ಹೋದವರಿಗೆ ತಾಣವೇ ತೆರೆಯದಿರಲಿ ಅಂತ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ಸ್ (ಸ್ಕ್ಯಾನ್ ಮಾಡದೆ ಬಿಡುವ) ಪಟ್ಟಿಯಲ್ಲಿ ನೀವು ಹಾಕದ ಫೋಲ್ಡರ್ ಇದ್ದರೆ ತೆಗೆಯಿರಿ, ಆಮೇಲೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ಅದು ವಿಂಡೋಸ್ ಏಳುವ ಮೊದಲೇ ಓಡುವುದರಿಂದ ಅಡಗಿ ಕೂತದ್ದೂ ಸಿಗುತ್ತದೆ. ಸುಮಾರು ಕಾಲು ಗಂಟೆ.

ಇಷ್ಟು ಮಾಡಿದರೆ ಮಷೀನ್ ಕ್ಲೀನ್ ಅಂತ ಸ್ಕ್ಯಾನರ್ ಹೇಳುತ್ತದೆ. ನಾನು ನಂಬುವುದಿಲ್ಲ. ಯಾಕೆಂದರೆ ಡಿಜೆವಿಯು ಒಂಟಿಯಾಗಿ ಬರುವುದು ಕಡಿಮೆ. ಅಜೋರಲ್ಟ್, ವಿಡಾರ್ ಥರದ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮ್‌ಗಳನ್ನು ಜೊತೆಗೆ ತರುತ್ತದೆ. ಎಲ್ಲರೂ ಫೈಲ್ ಹೋಯಿತು ಅಂತ ಗೋಳಾಡುತ್ತಿರುವಾಗ ಬ್ರೌಸರ್‌ನಲ್ಲಿ ಸೇವ್ ಮಾಡಿದ್ದ ಪಾಸ್‌ವರ್ಡ್‌ಗಳು ಆಗಲೇ ಹೊರಟುಹೋಗಿರುತ್ತವೆ. ಈ ಭಾಗವನ್ನು ಯಾರೂ ಗಮನಿಸುವುದಿಲ್ಲ. ನನ್ನ ಪ್ರಕಾರ ಫೈಲ್ ಹೋದದ್ದಕ್ಕಿಂತ ಇದೇ ದೊಡ್ಡ ಹೊಡೆತ. ಮೊದಲ ದಿನವೇ ಗೆಳೆಯನಿಗೆ ಬೇರೆ ಫೋನಿನಿಂದ ಮೇಲ್, ಬ್ಯಾಂಕ್, ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸಲು ಹೇಳಿದ್ದೆ. ಬದಲಿಸಿದ ಮೇಲೆ "ಎಲ್ಲ ಸಾಧನಗಳಿಂದ ಲಾಗ್‌ಔಟ್" ಕೂಡ ಒತ್ತಬೇಕು. ಲಾಗಿನ್ ಆಗಿರುವುದನ್ನು ಬ್ರೌಸರ್ ನೆನಪಿಟ್ಟುಕೊಳ್ಳುವ ಗುರುತಾದ ಕುಕ್ಕಿಯನ್ನು ಕದ್ದಿದ್ದರೆ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಬರಬಹುದು.

ಗೆಳೆಯನ ಮಷೀನಿಗೆ ಹೊಸ ಎಸ್‌ಎಸ್‌ಡಿ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ಮಾಡಿದ ಪೆನ್ ಡ್ರೈವ್‌ನಿಂದ ವಿಂಡೋಸ್ ಹಾಕಿದೆ. ಹಳೆಯ ಡಿಸ್ಕಿನಿಂದ ಫೋಟೊ, ಡಾಕ್ಯುಮೆಂಟ್ ಥರದ್ದು ಮಾತ್ರ ಸ್ಕ್ಯಾನ್ ಮಾಡಿ ತಂದೆ. ಇಎಕ್ಸ್‌ಇ, ಸೆಟಪ್, ಜಿಪ್ ಒಂದನ್ನೂ ತರಲಿಲ್ಲ. ದಿನದ ಬಳಕೆಗೆ ಅಡ್ಮಿನ್ ಅಲ್ಲದ ಖಾತೆ. ಫೈಲ್ ಹೆಸರಿನ ಪೂರ್ತಿ ಬಾಲ ಕಾಣುವಂತೆ ಎಕ್ಸ್‌ಪ್ಲೋರರ್ ಸೆಟ್ಟಿಂಗ್. ಅನುಮತಿ ಇಲ್ಲದ ಪ್ರೋಗ್ರಾಮ್ ನಿಮ್ಮ ಫೋಲ್ಡರ್‌ಗಳ ಫೈಲ್ ಬದಲಿಸದಂತೆ ತಡೆಯುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್. ಈ ಕೊನೆಯದು ಮೊದಮೊದಲು ಕಿರಿಕಿರಿ ಮಾಡುತ್ತದೆ, ಗೊತ್ತಿರುವ ಪ್ರೋಗ್ರಾಮನ್ನೂ ತಡೆಯುತ್ತದೆ. ಒಂದೊಂದಾಗಿ ಅನುಮತಿ ಕೊಡುತ್ತಾ ಹೋದರೆ ಒಂದು ವಾರದಲ್ಲಿ ಸುಮ್ಮನಾಗುತ್ತದೆ.

ಬ್ಯಾಕಪ್‌ಗೆ ಹೊರಗಿನ ಎರಡು ಡಿಸ್ಕ್, ಒಂದು ಸಲಕ್ಕೆ ಒಂದನ್ನೇ ಚುಚ್ಚುವುದು, ಕಾಪಿ ಮುಗಿದ ತಕ್ಷಣ ಕೀಳುವುದು. ಇನ್ನೊಂದು ತಂಗಿಯ ಮನೆಯಲ್ಲಿ. ಮೊದಲ ಬ್ಯಾಕಪ್ ಆದ ಮೇಲೆ ಆ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ಅಲ್ಲೊಂದು ಇಲ್ಲೊಂದು ಫೋಲ್ಡರ್ ತೆರೆದು ನೋಡಿದೆವು, ಫೈಲ್ ನಿಜವಾಗಿ ತೆರೆಯುತ್ತಾ ಅಂತ. ತೆರೆದವು. ಕೈಯಲ್ಲಿ ರಿಪೇರಿ ಮಾಡಬೇಕಾದ ಜೆಪಿಜಿಗಳ ಪಟ್ಟಿ ಅವನಿಂದ ಇನ್ನೂ ಬಂದಿಲ್ಲ.